ಗುಡ್ಡೆ ಇದ್ದ ಕಡೆಯೆಲ್ಲ ಮೂಡಲ್ಲ

ಹೊರಡುವ ಮುಂಚೆ

ಶಿರೂರಿನಲ್ಲಿ ಹುಟ್ಟಿದವರಿಗೆ ಯಾರೂ ದಿಕ್ಕು ಕಲಿಸಬೇಕಾಗಿಲ್ಲ. ಗುಡ್ಡೆ ಇರುವ ಕಡೆ ಮೂಡು, ಅಂದರೆ ಪೂರ್ವ; ಕಡಲು ಇರುವ ಕಡೆ ಪಡು, ಅಂದರೆ ಪಶ್ಚಿಮ. ನಡುವೆ ಹೆದ್ದಾರಿ, ರೈಲು ಹಳಿ, ಮತ್ತೆ ನಾವು. ಬಸ್ಸಿನಲ್ಲಿ ತೂಕಡಿಸಿ ಎಚ್ಚರಾದರೂ ಗುಡ್ಡೆ ಯಾವ ಕಿಟಕಿಯಲ್ಲಿದೆ ಎಂದು ನೋಡಿದರೆ ಸಾಕು, ಕುಂದಾಪುರಕ್ಕೆ ಹೋಗುತ್ತಿದ್ದೇವೋ ಭಟ್ಕಳಕ್ಕೆ ಹೋಗುತ್ತಿದ್ದೇವೋ ಗೊತ್ತಾಗುತ್ತದೆ. ಈ ಲೆಕ್ಕ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕಝಾಕಸ್ತಾನದ ಅಲ್ಮಾಟಿಗೆ ಹೋದ ಮೇಲೆ ಕೊಟ್ಟಿತು. ಅದೂ ಎಂಥ ದಿನ ಕೊಟ್ಟಿತು ಅಂತೀರಿ!

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಚಡ್ಡಿ ಮಾರಲಿಕ್ಕೆ. ನಗುವವರು ನಕ್ಕು ಮುಗಿಸಿ, ಆಮೇಲೆ ಮುಂದೆ ಓದಿ. ಯಡ್ತರೆಯಲ್ಲಿ ಗಿರಿಜಕ್ಕ ಎಂಬವಳ ಹೊಲಿಗೆ ಶೆಡ್ಡಿದೆ. ಮೊದಲು ಅಲ್ಲಿ ಕಬಡ್ಡಿ, ವಾಲಿಬಾಲ್ ತಂಡಗಳ ಅಂಗಿ ಹೊಲಿಯುತ್ತಿದ್ದರು. ಒಮ್ಮೆ ಕುಂದಾಪುರದ ಜಿಮ್ಮಿನ ಹುಡುಗರು ಹರಿದ ಚಡ್ಡಿಗಳನ್ನು ತಂದು ಅವಳ ಮುಂದೆ ರಾಶಿ ಹಾಕಿದರು. ಅವರು ಕಲಿಯುತ್ತಿದ್ದದ್ದು ಎಂಎಂಎ ಅಂತೆ. ಗುದ್ದು, ಒದೆ, ಕುಸ್ತಿ ಎಲ್ಲವನ್ನೂ ಒಂದೇ ಪಂಜರದೊಳಗೆ ಮಾಡುವ ಆಟ. ಕಾಲೆತ್ತಿ ಒದ್ದಾಗಲೆಲ್ಲ ಚಡ್ಡಿ ನಡುವಿನಲ್ಲಿ ಹರಿಯುತ್ತಿತ್ತು. ಗಿರಿಜಕ್ಕ ನಮ್ಮ ಅಜ್ಜಂದಿರ ಪಟ್ಟಾಪಟ್ಟಿ ಚಡ್ಡಿಯ ಹಾಗೆ ನಡುವೆ ಒಂದು ಚೌಕ ತುಂಡು ಕೂಡಿಸಿ ಹೊಲಿದು ಕೊಟ್ಟಳು. ಮತ್ತೆ ಹರಿಯಲಿಲ್ಲ. ಅಲ್ಲಿಂದ ಶುರುವಾಯಿತು ನಮ್ಮ ‘ಮೂಡುಗುಡ್ಡೆ’ ಚಡ್ಡಿ. ಬಟ್ಟೆಗೆ ಹೊಲಿಯುವ ಹೆಸರಿನ ಚೀಟಿಯಲ್ಲಿ ಒಂದು ಗುಡ್ಡೆ, ಅದರ ನೆತ್ತಿಯಲ್ಲಿ ಸೂರ್ಯ. ಹೊಲಿಯುವವಳು ಅವಳು. ಊರೂರು ತಿರುಗಿ ಬಾಯಿ ಹರಿದುಕೊಳ್ಳುವವಳು ನಾನು, ಸುಮತಿ.

ಬ್ರಹ್ಮಾವರ ಕಡೆಯ ರಾಜು ಶೆಟ್ರಿಗೆ ಮುಂಬಯಿಯಲ್ಲಿ ಆಟದ ಬಟ್ಟೆಯ ಅಂಗಡಿಗಳಿವೆ. ಚಡ್ಡಿಯನ್ನು ಎಳೆದೆಳೆದು ನೋಡಿ, ಮಾಲು ಚೊಕ್ಕ ಉಂಟು ಎಂದರು. ಆದರೆ ಹೆಸರಿಲ್ಲದ ಮಾಲನ್ನು ಯಾರು ಕೊಳ್ಳುತ್ತಾರೆ? ಪರದೇಶದ ಆಟಗಾರರೊಬ್ಬರು ಇದನ್ನು ಹಾಕಿಕೊಂಡು ನಿಂತ ಒಂದು ಫೋಟೊ ತಂದರೆ ತನ್ನ ಎಲ್ಲ ಅಂಗಡಿಗಳಿಗೂ ತೆಗೆದುಕೊಳ್ಳುತ್ತೇನೆ ಎಂದರು. ತರದಿದ್ದರೆ, ಬೇರೆ ಕೊಳ್ಳುವವರಿಲ್ಲದೆ, ಗಿರಿಜಕ್ಕ ಮಳೆಗಾಲದೊಳಗೆ ಶೆಡ್ಡು ಮುಚ್ಚುವವಳಿದ್ದಳು. ಅವಳ ಜೊತೆ ಹೊಲಿಯುವ ಹೆಂಗಸರು ಮತ್ತೆ ಗೇರುಬೀಜದ ಕಾರ್ಖಾನೆಗೆ ಹೋಗಬೇಕಿತ್ತು. ಹಾಗಾಗಿ ನನಗೆ ಬೇಕಿದ್ದದ್ದು ಒಂದೇ ಒಂದು ಫೋಟೊ.

ಅದೇ ಪಂಜರದ ಆಟ ಆಡುವ, ಅಲ್ಮಾಟಿಯ ಆಯ್ಗುಲ್ ಎಂಬ ಹುಡುಗಿ ನಮ್ಮ ಹುಡುಗರ ವಿಡಿಯೊ ನೋಡಿ, ಈ ಚಡ್ಡಿ ಎಲ್ಲಿಯದು ಎಂದು ಕೇಳಿದ್ದಳು. ಅವಳಿಗೆ ಪ್ರಾಯೋಜಕರು ಯಾರೂ ಇರಲಿಲ್ಲ. ಪಂದ್ಯದ ಹಿಂದಿನ ದಿನ ಎಲ್ಲರೆದುರು ತೂಕ ನೋಡುತ್ತಾರೆ, ಆಗ ನಿಮ್ಮದನ್ನೇ ಹಾಕಿಕೊಂಡು ತಕ್ಕಡಿ ಹತ್ತುತ್ತೇನೆ ಎಂದು ಮಾತು ಕೊಟ್ಟಳು. ಪಂಜರದೊಳಗೆ ಮಾತ್ರ ಸಂಘಟಕರು ಕೊಟ್ಟದ್ದನ್ನೇ ಹಾಕಬೇಕಂತೆ. ಇದು ನನಗೆ ಗೊತ್ತಾದದ್ದು ಟಿಕೆಟ್ಟು ತೆಗೆದ ಮೇಲೆ.

ಹೊರಡುವ ದಿನ ಗಿರಿಜಕ್ಕ ಕಪಾಟು ತೆರೆದು ಜರಿ ಅಂಚಿನ ಕೆಂಪು ಶಾಲು ತೆಗೆದಳು. ಊರಿನ ಯುವಕ ಮಂಡಲದವರು ಕಬಡ್ಡಿ ಪಂದ್ಯದ ವೇದಿಕೆಯಲ್ಲಿ ಅವಳಿಗೆ ಹೊದಿಸಿದ ಶಾಲು ಅದು. ಅವಳಿಗೆ ಯಾರಾದರೂ ಸನ್ಮಾನ ಅಂತ ಮಾಡಿದ್ದು ಅದೊಂದೇ ಸಲ.

“ಫೋಟೊ ತೆಗೆದ್ಮೇಲೆ ಆ ಹೆಣ್ಣಿಗ್ ಇದನ್ ಹೊದ್ಸ್. ಹೊದ್ಸಿ ವಾಪಸ್ ತಕಂಡ್ ಬಾ,” ಎಂದಳು.

ಶಾಲಿನ ಮೂಲೆಯಲ್ಲಿ ಆಗಲೇ ನಮ್ಮ ಚೀಟಿ ಹೊಲಿದಾಗಿತ್ತು. ಶೆಡ್ಡಿನಿಂದ ಹೊರಗೆ ಹೋಗುವ ಯಾವ ಬಟ್ಟೆಗೂ ಚೀಟಿ ಹಾಕದೆ ಬಿಡುವವಳಲ್ಲ ಅವಳು. ನನ್ನ ಪ್ರಯಾಣದ ಚೀಲಕ್ಕೂ ಒಂದು ಬಿದ್ದಿತ್ತು.

ಜಿಮ್ಮು

ಅಲ್ಮಾಟಿಯಲ್ಲಿ ಇಳಿದಾಗ ಮೊದಲು ಕಂಡದ್ದು ಬೆಟ್ಟ. ನಮ್ಮ ಕೊಡಚಾದ್ರಿಯ ಮೇಲೆ ಇನ್ನೊಂದೆರಡು ಕೊಡಚಾದ್ರಿ ಇಟ್ಟು, ಮೇಲೆ ಹಿಮ ಸುರಿದ ಹಾಗೆ. ಅಬ್ಬ, ಮೂಡು ಸಿಕ್ಕಿತಲ್ಲ, ಇನ್ನು ದಾರಿ ತಪ್ಪುವ ಮಾತಿಲ್ಲ ಎಂದು ನಿಶ್ಚಿಂತೆಯಾಯಿತು. ಅಲ್ಲಿಯವರು ದಾರಿ ಹೇಳುವಾಗ ಬೆಟ್ಟದ ಕಡೆಗೆ ‘ಮೇಲೆ’, ಅದರ ಎದುರು ಕಡೆಗೆ ‘ಕೆಳಗೆ’ ಅನ್ನುತ್ತಾರೆ. ಇದೂ ನಮ್ಮ ಹಾಗೆಯೇ ಅನ್ನಿಸಿತು.

ಮಾತು ಮಾತ್ರ ಒಂದೂ ತಿಳಿಯದು. ಫೋನಿನ ಅನುವಾದಕವನ್ನೇ ನಂಬಿದ್ದೆ. ಅದಕ್ಕೆ ಪುಸ್ತಕದ ಕನ್ನಡ ಬರುತ್ತದೆ, ಕುಂದಾಪುರದ ಕನ್ನಡ ಬಾರದು. ಹೊರಡೋಣವೇ ಎನ್ನಲು ‘ಎಂತ, ಹೋಪನಾ’ ಅಂದರೆ ಅದು ಏನನ್ನೋ ಹೇಳಿ, ಎದುರಿದ್ದವರು ಹೆದರಿ ಹಿಂದೆ ಸರಿಯುತ್ತಿದ್ದರು. ಕೊನೆಗೆ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮಾತಾಡಿದ ಹಾಗೆ ಮಾತಾಡಲು ಶುರು ಮಾಡಿದೆ: ಮಾನ್ಯರೇ, ಶೌಚಾಲಯವು ಎಲ್ಲಿದೆ? ಒಬ್ಬಳೇ ಇದ್ದಾಗ ನನಗೇ ನಾಚಿಕೆಯಾಗುತ್ತಿತ್ತು.

ಜಿಮ್ಮು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಆಯ್ಗುಲ್ ಪ್ಲಾಸ್ಟಿಕ್ಕಿನ ಅಂಗಿ ತೊಟ್ಟು ಹಗ್ಗ ಹಾರುತ್ತಿದ್ದಳು. ತುಟಿ ಒಡೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಫೋಟೊದಲ್ಲಿ ಕಂಡ ದುಂಡು ಮುಖದ ಹುಡುಗಿ ಇವಳೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು. ಜ್ವರ ಬಂದಿದೆಯೇನೋ ಅಂದುಕೊಂಡೆ. ನನ್ನನ್ನು ಕಂಡದ್ದೇ ಹಗ್ಗ ಬಿಟ್ಟು ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು.

ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ನಾನು ಡಬ್ಬ ತೆರೆದು ಕೊಬ್ಬರಿ ಮಿಠಾಯಿ ಮುಂದೆ ಹಿಡಿದೆ. ಜಿಮ್ಮಿನಲ್ಲಿದ್ದವರೆಲ್ಲ ಗುದ್ದುವುದನ್ನು ಬಿಟ್ಟು ತಿರುಗಿ ನೋಡಿದರು. ಆಯ್ಗುಲ್ ಒಮ್ಮೆ ಡಬ್ಬವನ್ನು, ಒಮ್ಮೆ ತನ್ನ ತರಬೇತುದಾರ ಮುರಾತ್‌ನನ್ನು ನೋಡಿದಳು. ದೂರದಿಂದ ಬಂದ ನೆಂಟರು ಕೊಟ್ಟದ್ದನ್ನು ಬೇಡ ಅನ್ನಬಾರದು ಎಂಬುದು ಅವರ ಪದ್ಧತಿ. ಒಂದು ತುಂಡು ತೆಗೆದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ಜಗಿದಳು. ನನಗೆ ಖುಷಿಯೋ ಖುಷಿ. ಇನ್ನೊಂದು ತಕೋ ಎಂದು ಒತ್ತಾಯ ಮಾಡಿದೆ. ಅದನ್ನೂ ತಿಂದಳು. ಮುರಾತ್ ನನ್ನ ಫೋನು ಇಸಿದುಕೊಂಡು ಏನೋ ಹೇಳಿದ. ಫೋನು ಶುದ್ಧ ಕನ್ನಡದಲ್ಲಿ ನುಡಿಯಿತು: “ಗೌರವಾನ್ವಿತ ಅತಿಥಿಯೇ, ದಯವಿಟ್ಟು ಸಿಹಿಯನ್ನು ಹಿಂತೆಗೆದುಕೊಳ್ಳಿ. ಅವಳು ಮೂರು ದಿನಗಳಿಂದ ಒಣಗುತ್ತಿದ್ದಾಳೆ.”

ಒಣಗುವುದು ಅಂದರೇನು, ಅವಳೇನು ಮೀನೇ? ಆಮೇಲೆ ವಿಚಾರಿಸಿದಾಗ ತಿಳಿಯಿತು. ತೂಕದ ಗಡಿ ದಾಟಬಾರದೆಂದು ಊಟ ಬಿಡುತ್ತಾರೆ, ಕೊನೆಯ ದಿನಗಳಲ್ಲಿ ನೀರನ್ನೂ ಬಿಡುತ್ತಾರೆ. ಬೆವರು ಸುರಿಸಿ ಸುರಿಸಿ ತಕ್ಕಡಿ ಹತ್ತುತ್ತಾರೆ. ಗಡಿ ಒಂದು ಚೂರು ಮೀರಿದರೂ ಪಂದ್ಯವೇ ಇಲ್ಲ. ನಮ್ಮಲ್ಲೂ ತೂಕದ ಕಬಡ್ಡಿ ಇದೆ. ಹುಡುಗ ಸ್ವಲ್ಪ ಹೆಚ್ಚು ತೂಗಿದರೆ ತೂಕ ನೋಡುವವನೇ, ಹೋಗ್ಲಿ ಮಾರಾಯ, ಇಳಿ ಅನ್ನುತ್ತಾನೆ. ಇಲ್ಲಿ ಹಾಗೆ ಅನ್ನುವವರು ಯಾರೂ ಇರಲಿಲ್ಲ. ಹಸಿದು ಸಾಯುತ್ತಿರುವ ಹುಡುಗಿಗೆ ನಾನೇ ಮಿಠಾಯಿ ತಿನ್ನಿಸಿದೆನಲ್ಲ ಎಂದು ಡಬ್ಬವನ್ನು ಚೀಲದ ತಳಕ್ಕೆ ತುರುಕಿದೆ.

ಚಡ್ಡಿ ಹಾಕಿಸಿ ನೋಡಿದರೆ ಸೊಂಟದಲ್ಲಿ ಸಡಿಲ. ಅಳತೆ ಕಳಿಸಿದ್ದು ಅವಳು ಒಣಗುವ ಮುಂಚೆ. ಹೋಟೆಲಿಗೆ ಒಯ್ದು ಕೈಯಲ್ಲೇ ಬಿಗಿ ಮಾಡಿ, ನಾಳೆ ತೂಕಕ್ಕೆ ಮೊದಲು ತಂದುಕೊಡುತ್ತೇನೆ ಎಂದೆ. ಚೀಟಿಯ ಮೇಲಿನ ಗುಡ್ಡೆ ಸೂರ್ಯನನ್ನು ಅವಳು ಬೆರಳಿನಿಂದ ಸವರಿ, ಇದು ಮಧ್ಯಾಹ್ನವೇ ಎಂದು ಫೋನಿನಲ್ಲಿ ಕೇಳಿದಳು. ಅಲ್ಲ, ಬೆಳಗ್ಗೆ ಎಂದೆ. ಬೆಟ್ಟದ ಮೇಲೆ ಸೂರ್ಯ ಬೆಳಗ್ಗೆ ಹೇಗೆ ಬರುತ್ತಾನೆ ಎಂದು ಅವಳು ಮುಖ ಗಂಟಿಕ್ಕಿದಳು. ಬೆಟ್ಟದಿಂದ ಅಲ್ಲದೆ ಇನ್ನೆಲ್ಲಿಂದ ಬರುತ್ತಾನೆ ಎಂದು ನಾನೂ ಗಂಟಿಕ್ಕಿದೆ. ಆಗಲೇ ನನಗೆ ತಿಳಿಯಬೇಕಿತ್ತು.

ದೊಡ್ಡ ಸಂತೆ

ಮರುದಿನ ಬೆಳಗ್ಗೆ ಆಕಾಶವಿಡೀ ಮೋಡ. ತೂಕದ ಸಭಾಂಗಣ ಹೋಟೆಲಿನಿಂದ ನೇರ ಪಶ್ಚಿಮಕ್ಕೆ, ನಡೆದೇ ಹೋಗಬಹುದು ಎಂದು ಬಾಗಿಲಲ್ಲಿ ಕೂತವಳು ಹೇಳಿದಳು. ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಚಳಿಗೆ ನನ್ನ ಹಳೆಯ ಫೋನು ಪ್ರಾಣ ಬಿಟ್ಟಿತು. ಬಿಡಲಿ, ನನಗೇನು? ಬೆಟ್ಟಕ್ಕೆ ಬೆನ್ನು ಹಾಕಿ ನಡೆದರೆ ಪಡುವೇ ಅಲ್ಲವೇ? ರಸ್ತೆ ಆ ಕಡೆಗೆ ಇಳಿಜಾರಾಗಿಯೂ ಇತ್ತು. ನಮ್ಮಲ್ಲೂ ನೆಲ ಪಡುವಿಗೇ ಇಳಿಯುವುದು. ಅನುಮಾನವೇ ಬರಲಿಲ್ಲ.

ನಡೆದೆ, ನಡೆದೆ. ಸಭಾಂಗಣ ಇಲ್ಲ. ಸಭಾಂಗಣದ ಹೆಸರನ್ನಷ್ಟೇ ಹೇಳಿ ಎಷ್ಟು ಕೇಳಿದರೂ ಜನ ‘ಮೇಲೆ’ ಎಂದು ಬೆಟ್ಟದ ಕಡೆಗೇ ಕೈ ತೋರಿಸಿದರು. ಇವರಿಗೆ ತಮ್ಮ ಊರೇ ಗೊತ್ತಿಲ್ಲ ಎಂದು ಸಿಟ್ಟು ಬಂದು ಇನ್ನೂ ಜೋರಾಗಿ ಕೆಳಗೆ ನಡೆದೆ. ನನ್ನ ಸಿಟ್ಟೇ ಹಾಗೆ, ತಪ್ಪು ದಾರಿಯಲ್ಲಿ ಕಾಲಿಗೆ ಹೆಚ್ಚು ಬಲ ಕೊಡುತ್ತದೆ. ಆಗ ಒಂದು ವಾಸನೆ ಬಂತು. ಒಣಮೀನು! ನನಗೆ ನಿಜವಾಗಿ ಕಡಲು ಹತ್ತಿರ ಬಂತು ಅನ್ನಿಸಿಬಿಟ್ಟಿತು. ಆ ಊರಿನ ಹತ್ತಿರ ಕಡಲೇ ಇಲ್ಲವೆಂದು ಗೊತ್ತಿದ್ದೂ ಅನ್ನಿಸಿತು ನೋಡಿ.

ಅದು ದೊಡ್ಡದೊಂದು ಸಂತೆಯ ಬಾಗಿಲು. ಒಳಗೆ ಸೇಬಿನ ರಾಶಿ, ಕುದುರೆ ಮಾಂಸ, ಗೋಲಿಯಂಥ ಒಣಮೊಸರಿನ ಉಂಡೆ, ಮತ್ತೆ ಹಗ್ಗಕ್ಕೆ ಪೋಣಿಸಿ ನೇತುಹಾಕಿದ ಮೀನು. ಮೀನು ಮಾರುವ ಹೆಂಗಸರು ಗಂಗೊಳ್ಳಿಯವರ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು, ಹಾಗೆಯೇ ಕೂಗುತ್ತಿದ್ದರು. ಅವರಲ್ಲೊಬ್ಬ ಹಿರಿಯಳ ಮುಂದೆ ನಿಂತು ನನಗೆ ಅಳು ಬಂದುಬಿಟ್ಟಿತು. ಯಾವ ಭಾಷೆಯಲ್ಲಿ ಏನು ಕೇಳಲಿ? ಚೀಲದಿಂದ ಚಡ್ಡಿ ತೆಗೆದು ಎತ್ತಿ ಹಿಡಿದು, ಮುಷ್ಟಿ ಕಟ್ಟಿ ಗಾಳಿಗೆ ಗುದ್ದಿ, ತಕ್ಕಡಿ ಹತ್ತಿ ಇಳಿಯುವ ಹಾಗೆ ನಟಿಸಿದೆ. ಸುತ್ತಲಿದ್ದವರೆಲ್ಲ ವ್ಯಾಪಾರ ಬಿಟ್ಟು ನೋಡಿದರು. ಆ ಹಿರಿಯಳು ನಗಲಿಲ್ಲ. ಒಂದು ಲೋಟ ಹಾಲು ಹಾಕಿದ ಚಹಾ ಕುಡಿಸಿದಳು. ಮೀನು ತರುವ ಗಾಡಿಯವನನ್ನು ಕರೆದು ಎರಡು ಮಾತು ಹೇಳಿ ನನ್ನನ್ನು ಹತ್ತಿಸಿದಳು. ಗಾಡಿ ಬೆಟ್ಟದ ಕಡೆಗೇ ಏರಿತು. ಅಷ್ಟರಲ್ಲಿ ಮೋಡ ಸರಿದು ಎಡಗಡೆಯ ಕಟ್ಟಡಗಳ ಮೇಲೆ ಬೆಳಗಿನ ಸೂರ್ಯ ಕಂಡ. ಬೆಟ್ಟ ಮಾತ್ರ ಎದುರಿಗೇ ಇತ್ತು. ಈ ಊರಿನಲ್ಲಿ ಬೆಟ್ಟ ಇರುವುದು ತೆಂಕಿಗೆ, ಅಂದರೆ ದಕ್ಷಿಣಕ್ಕೆ! ನಾನು ಅಷ್ಟು ಹೊತ್ತು ನಡೆದದ್ದು ಪಶ್ಚಿಮಕ್ಕಲ್ಲ, ಉತ್ತರಕ್ಕೆ. ತಲೆಯೊಳಗೆ ಇಡೀ ಭೂಮಿ ಒಂದು ಸುತ್ತು ತಿರುಗಿ ನಿಂತ ಹಾಗಾಯಿತು.

ತಕ್ಕಡಿ

ಮೀನು ನಾರುತ್ತ ಸಭಾಂಗಣದೊಳಗೆ ಓಡಿದಾಗ ಆಯ್ಗುಲ್ ತಕ್ಕಡಿಯಿಂದ ಇಳಿಯುತ್ತಿದ್ದಳು. ಮೈಮೇಲೆ ಯಾವುದೋ ಬೋಳು ಕಪ್ಪು ಚಡ್ಡಿ. ಮುರಾತ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಯಾರೂ ಅನುವಾದ ಮಾಡಬೇಕಾಗಲಿಲ್ಲ, ತೂಕ ಒಂದು ಕೂದಲೆಳೆಯಷ್ಟು ಹೆಚ್ಚಾಗಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಕೊಬ್ಬರಿ ಮಿಠಾಯಿಯ ಡಬ್ಬ.

ಇನ್ನೊಂದು ಅವಕಾಶವಿತ್ತು. ಉಟ್ಟ ಬಟ್ಟೆಯನ್ನೂ ಬಿಚ್ಚಿ ತೂಗಬಹುದು, ನಾಲ್ಕು ಕಡೆ ಮರೆ ಹಿಡಿಯಬೇಕು. ಮುರಾತ್ ಟವೆಲ್ಲಿಗೆ ಹುಡುಕಾಡಿದ. ಅವನ ಹತ್ತಿರ ಇದ್ದದ್ದು ಮುಖ ಒರೆಸುವ ಒಂದು ಚೂರು. ಮುಂದೆ ಫೋಟೊ ತೆಗೆಯುವವರ ಸಾಲೇ ನಿಂತಿತ್ತು. ಆಗ ಆಯ್ಗುಲ್ ನನ್ನನ್ನು ಕಂಡಳು. ಅಷ್ಟು ಕಷ್ಟದಲ್ಲೂ ಮಾತು ಕೊಟ್ಟದ್ದು ನೆನಪಾಯಿತೇನೋ, ಚಡ್ಡಿಗಾಗಿ ನನ್ನ ಕಡೆ ಕೈ ಚಾಚಿದಳು. ಅದನ್ನು ಹಾಕಿಸಿ ಒಂದು ನಿಮಿಷ ನಿಲ್ಲಿಸಿದ್ದರೆ ರಾಜು ಶೆಟ್ರ ಫೋಟೊ ಆಗುತ್ತಿತ್ತು. ಅದಕ್ಕೇ ಅಲ್ಲವೇ ನಾನು ಅಷ್ಟು ದೂರ ಹೋದದ್ದು? ಆದರೆ ತೂಕ ಬರೆಯುವವನು ಆಗಲೇ ಗಡಿಯಾರ ನೋಡುತ್ತಿದ್ದ. ಚಡ್ಡಿ ನನ್ನ ಕೈಯಲ್ಲೇ ಇತ್ತು. ಗಿರಿಜಕ್ಕನ ಮುಖ ಕಂಡಿತು, ಗೇರುಬೀಜದ ಕಾರ್ಖಾನೆ ಕಂಡಿತು. ಚಡ್ಡಿಯನ್ನು ಚೀಲಕ್ಕೆ ತುರುಕಿ ಶಾಲು ಎಳೆದೆ.

ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಯನ್ನು ಹಿಡಿದದ್ದು ಯಾರೆಂದು ನೋಡಿದರೆ, ನಾಳೆ ಇವಳ ಜೊತೆ ಹೊಡೆದಾಡಬೇಕಾದ ಹುಡುಗಿ! ಇವರ ಆಟ ನನಗೆ ಅವತ್ತೂ ಅರ್ಥವಾಗಲಿಲ್ಲ, ಇವತ್ತೂ ಅರ್ಥವಾಗಿಲ್ಲ. ಕೆಂಪು ಶಾಲನ್ನು ಸುತ್ತಲೂ ಬಳಸಿ ಕತ್ತಿನವರೆಗೆ ಎತ್ತಿ ಹಿಡಿದೆವು. ಮರೆಯೊಳಗೆ ಆಯ್ಗುಲ್ ಬಟ್ಟೆ ಬಿಚ್ಚಿ ತಕ್ಕಡಿ ಹತ್ತಿ, ಮುಖವನ್ನು ಶಾಲಿನೊಳಗೆ ತಗ್ಗಿಸಿದಳು. ನೀರಿಲ್ಲದ ಆ ಮೈಯಲ್ಲಿ ಕಣ್ಣೀರು ಎಲ್ಲಿತ್ತೋ, ಬಿಕ್ಕಿ ಬಿಕ್ಕಿ ಅತ್ತಳು. ಎದುರಾಳಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ. ಕ್ಯಾಮೆರಾಗಳು ಪಟಪಟ ಬಡಿದುಕೊಂಡವು. ಆಮೇಲೆ ಸಭಾಂಗಣದವರೆಲ್ಲ ಚಪ್ಪಾಳೆ ತಟ್ಟಿದಾಗ ತೂಕ ಸರಿಯಾಯಿತೆಂದು ಗೊತ್ತಾಯಿತು.

ಮರುಕ್ಷಣವೇ ಸಂಘಟಕರು ತಮ್ಮ ಅಂಗಿ ಚಡ್ಡಿ ತಂದು ತೊಡಿಸಿದರು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಫೋಟೊ ಇಲ್ಲ.

ಆಯ್ಗುಲ್ ಮನೆ

ಪಂದ್ಯದಲ್ಲಿ ಆಯ್ಗುಲ್ ಸೋತಳು. ನಾನು ಬೆರಳ ಸಂದಿಯಿಂದ ನೋಡಿದೆ. ಗಂಟೆ ಬಾರಿಸುವವರೆಗೆ ಕೊಲ್ಲುವ ಹಾಗೆ ಬಡಿದಾಡಿದವರು ಗಂಟೆಯಾದ ಮೇಲೆ ಒಬ್ಬರನ್ನೊಬ್ಬರು ತಬ್ಬಿ ನಕ್ಕರು. ಮಿಠಾಯಿಯಿಂದಲೇ ತೂಕ ಹೆಚ್ಚಾಯಿತೇ, ಅದರಿಂದ ಸುಸ್ತಾಗಿಯೇ ಸೋತಳೇ ಎಂದು ಮುರಾತ್‌ನನ್ನು ಕೇಳಿದೆ. ಅವನು ಭುಜ ಕುಣಿಸಿ, ಅವಳಿಗೆ ನೀರು ಕೊಡಲು ಹೋದ.

ಮರುದಿನ ಅವಳ ಅಮ್ಮ ಊಟಕ್ಕೆ ಕರೆದರು. ಮೇಜಿನ ತುಂಬ ತಿಂಡಿ. ಒಣಗಿದ್ದ ಹುಡುಗಿ, ಒಂದು ಕಣ್ಣು ಊದಿಕೊಂಡು ಮುಚ್ಚಿದ್ದರೂ, ನಮ್ಮ ಚಡ್ಡಿ ಹಾಕಿಕೊಂಡು ಓಡಾಡುತ್ತ ಎಲ್ಲರಿಗೂ ಚಹಾ ಬಗ್ಗಿಸಿದಳು. ಊದಿದ ಆ ಮುಖದ ಫೋಟೊ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಲೋಟದ ತುಂಬ ಬಗ್ಗಿಸಿದರೆ ಬೇಗ ಎದ್ದು ಹೋಗಿ ಎಂದು ಅರ್ಥವಂತೆ, ಅರ್ಧರ್ಧವೇ ಬಗ್ಗಿಸುತ್ತಾರೆ. ನಮ್ಮಲ್ಲಿ ಅರ್ಧ ಲೋಟ ಕೊಟ್ಟರೆ ಜಿಪುಣರೆಂದು ಊರಿಡೀ ಹೇಳುತ್ತಾರೆ. ಊಟವಾದ ಮೇಲೆ ಅಮ್ಮ ಒಳಗಿನಿಂದ ಕಸೂತಿ ಹಾಕಿದ ಉದ್ದ ನಿಲುವಂಗಿ ತಂದು ನನ್ನ ಹೆಗಲ ಮೇಲೆ ಹೊದಿಸಿದರು. ಗೌರವದ ನೆಂಟರಿಗೆ ಹಾಗೆ ಹೊದಿಸುವುದು ಅಲ್ಲಿಯ ಪದ್ಧತಿ. ಹೊದಿಸಿದ ಮೇಲೆ ಇದನ್ನು ವಾಪಸು ಕೊಡಬೇಕೇ ಎಂದು ಒಂದು ಕ್ಷಣ ಕಾದೆ. ಅವರು ಗುಂಡಿ ಹಾಕಿಬಿಟ್ಟರು.

ನಾನು ಎದ್ದು ಚೀಲದಿಂದ ಶಾಲು ತೆಗೆದು, ನಮ್ಮೂರ ವೇದಿಕೆಯಲ್ಲಿ ಮಾಡುವ ಹಾಗೆ ಆಯ್ಗುಲ್‌ಗೆ ಹೊದಿಸಿದೆ. ಅವಳು ಎರಡೂ ತುದಿ ಎದೆಯ ಹತ್ತಿರ ಬಿಗಿಯಾಗಿ ಹಿಡಿದುಕೊಂಡಳು. ವಾಪಸು ಕೇಳುವ ಧೈರ್ಯ ನನಗಾಗಲಿಲ್ಲ.

ಯಡ್ತರೆ

ನಾನು ಊರಿಗೆ ಬರುವ ಮೊದಲೇ ಫೋಟೊ ಫೋನಿನಿಂದ ಫೋನಿಗೆ ಹಾರಿ ಬಂದಿತ್ತು. ನನ್ನದಲ್ಲ, ಅಲ್ಲಿಯ ಪತ್ರಿಕೆಯವರದ್ದು. ಕೆಂಪು ಶಾಲು, ಅದರ ಎರಡು ಬದಿಯಲ್ಲಿ ಕಣ್ಣು ಮುಚ್ಚಿದ ಇಬ್ಬರು ಹೆಂಗಸರು, ಮೇಲೆ ಒಂದು ಜುಟ್ಟು. ಶಾಲಿನ ಮೂಲೆಯಲ್ಲಿ ನಮ್ಮ ಗುಡ್ಡೆ ತಲೆಕೆಳಗಾಗಿ, ಸೂರ್ಯ ಕೆಳಗೆ. ರಾಜು ಶೆಟ್ರು ಫೋನು ಮಾಡಿ, ಇದ್ರಗೆ ಚಡ್ಡಿ ಎಲ್ಲಿತ್ತ್ ಮಾರಾಯ್ತಿ ಎಂದು ಗದರಿದರು. ಎರಡು ದಿನ ಬಿಟ್ಟು ಅವರೇ ಮತ್ತೆ ಮಾಡಿದರು. ಫೋಟೊ ನೋಡಿದ ಮುಂಬಯಿಯ ಜಿಮ್ಮಿನವರು ತೂಕದ ದಿನಕ್ಕೆ ಅಂಥದೊಂದು ಮರೆಬಟ್ಟೆ ಸಿಗುತ್ತದೆಯೇ ಎಂದು ಕೇಳುತ್ತಿದ್ದಾರಂತೆ. ಚಡ್ಡಿಯ ಮಾತು ಆಮೇಲೆ ನೋಡುವ, ಮೊದಲು ಮರೆಬಟ್ಟೆ ಹೊಲಿದು ಕಳಿಸಿ ಅಂದರು. ನಾನು ಮಾರಲು ಹೋದದ್ದು ಯಾವುದು, ಮಾರಿ ಬಂದದ್ದು ಯಾವುದು, ಒಂದೂ ತಲೆಗೆ ಹೋಗಲಿಲ್ಲ.

ಶೆಡ್ಡಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಗಿರಿಜಕ್ಕ ಮೆಷಿನ್ನು ನಿಲ್ಲಿಸಿ ಫೋಟೊವನ್ನು ತುಂಬ ಹೊತ್ತು ನೋಡಿದಳು.

“ನನ್ ಶಾಲ್ ಎಲ್ಲಿತ್ತ್?” ಎಂದಳು.

ಕೊಟ್ಟು ಬಂದೆ ಎಂದೆ. ನನ್ನ ಮೈಮೇಲಿನ ನಿಲುವಂಗಿಯನ್ನು ಬಿಚ್ಚಿ ಅವಳ ತೊಡೆಯ ಮೇಲೆ ಇಟ್ಟೆ. ಅದರ ಕಸೂತಿಯನ್ನು ತಿರುಗಿಸಿ ನೋಡಿ, ಪಕ್ಕಕ್ಕೆ ಮಡಚಿಟ್ಟು, ಮತ್ತೆ ಫೋಟೊ ಎತ್ತಿಕೊಂಡಳು.

“ಆ ಮರೆಯೊಳ್ಗ್ ಹೆಣ್ಣ್ ಮರ್ಕಿತಾ?”

ಅತ್ತದ್ದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಹೌದು, ತುಂಬ ಎಂದೆ.

“ಯಾರಾರೂ ಕಂಡ್ರಾ?”

“ಇಲ್ಲ ಅಕ್ಕ. ಹಿಡ್ಕಂಡವ್ರಿಬ್ರೂ ಕಣ್ಣ್ ಮುಚ್ಚಿಕಂಡಿದ್ರ್.”

“ಹಾಂಗಾರೆ ಅಡ್ಡಿಲ್ಲೆ,” ಎಂದು ಗಿರಿಜಕ್ಕ ಎದ್ದಳು. ಮೂಲೆಯಿಂದ ಕೆಂಪು ಬಟ್ಟೆಯ ಥಾನು ಎಳೆದು ಮೇಜಿನ ಮೇಲೆ ಬಿಡಿಸಿ, ಆ ಹೆಣ್ಣಿನ ಕುತ್ತಿಗೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ನನ್ನ ಮೈಮೇಲೆ ತೋರಿಸಲು ಹೇಳಿದಳು.